ಮರದ ಮೇಲೆ ಅರಳುವ ಹಬ್ಬದ ಹೂವು

ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುತ್ತದೆ, ಅಲ್ಲವೇ? ಈ ಹಣ್ಣಿನ ಬಳಗಕ್ಕೆ ಸಸ್ಯಶಾಸ್ತ್ರದವರು ಕೊಟ್ಟ ಹೆಸರು ಬ್ರೊಮೀಲಿಯಾಡ್. ತವರು ಅಮೆರಿಕ ಖಂಡ. ಈ ಬಳಗವನ್ನು ಮನೆಗೂ ದೇವರಿಗೂ ಹಚ್ಚಿಕೊಂಡವರನ್ನು ನೋಡಬೇಕಾದರೆ ಮೆಕ್ಸಿಕೋ ದೇಶದ ದಕ್ಷಿಣಕ್ಕೆ, ಮಾಯಾ ಜನರ ಸೀಮೆಗೆ ಬನ್ನಿ.

ಮೊದಲು ಯುಕಟಾನ್‌ನ ಬಿಸಿಲು ನೆಲ. ಇಲ್ಲಿ ಪಿನ್ಯುಯೆಲಾ ಎಂಬ ಗಿಡವೇ ಬೇಲಿ, ನಮ್ಮ ಕತ್ತಾಳೆ ಬೇಲಿಯ ಹಾಗೆ. ಎಲೆಯಂಚಿನ ಮುಳ್ಳಿಗೆ ಹೆದರಿ ದನಕರು ನುಗ್ಗವು. ಹಣ್ಣು ಹುಳಿ-ಸಿಹಿ. ಹಸಿಯಾಗಿ ತಿಂದಿರೋ, ಬಾಯಿ ಉರಿ! ಅನಾನಸ್‌ನಲ್ಲಿರುವಂಥದೇ ಕಿಣ್ವ ಇದರಲ್ಲೂ ಇದೆ. ಬೇಯಿಸಿದರೆ ಅದರ ಆಟ ಮುಗಿಯಿತು. ಇದೇ ಬಳಗದ ಇನ್ನೊಂದು ಗಿಡದ ಉದ್ದನೆ ಎಲೆ ಕೆರೆದು ತೆಗೆದ ನಾರಿನಿಂದ ಚರ್ಮದ ಬೆಲ್ಟಿನ ಮೇಲೆ ಕಸೂತಿ ಹಾಕುತ್ತಾರೆ.

ಇನ್ನು ಚಿಯಾಪಾಸ್‌ನ ಬೆಟ್ಟ ಹತ್ತಿ. ಸುಮಾರು 7,000 ಅಡಿ ಎತ್ತರ, ಚಳಿ, ಪೈನ್ ಮತ್ತು ಓಕ್ ಮರಗಳ ಕಾಡು. ಸಾನ್ ಕ್ರಿಸ್ಟೋಬಲ್ ಪಟ್ಟಣದ ಮಗ್ಗುಲಲ್ಲೇ ಜಿನಕಾಂತಾನ್ ಊರು. ಹೆಂಗಸರ ಮೈಮೇಲಿನ ಹೊದಿಕೆಯ ತುಂಬ ಹೂವಿನ ಕಸೂತಿ, ನೋಡಿದಷ್ಟೂ ಸಾಲದು! (ಚರ್ಚಿನೊಳಗೆ ಮಾತ್ರ ಕ್ಯಾಮೆರಾ ತೆಗೆಯಬೇಡಿ, ಅಲ್ಲಿ ಅದು ನಿಷಿದ್ಧ.) ಇವರ ಮಾತು ತ್ಸೋತ್ಸಿಲ್. ಇವರಿಗೆ ಬೆಟ್ಟದ ಬುಡದ ಶಿಲುಬೆ ಹಿರಿಯರ ದೈವಗಳಿರುವಲ್ಲಿಗೆ ಬಾಗಿಲು. ಹಬ್ಬ ಬಂದರೆ ಆ ಬಾಗಿಲಿಗೆ ಪೈನ್ ಕೊಂಬೆ ಕಟ್ಟಿ, ಮರದ ಮೇಲಿನ ಬ್ರೊಮೀಲಿಯಾಡ್‌ಗಳನ್ನು ತಂದು ಸಿಂಗರಿಸುತ್ತಾರೆ. ಈ ಗಿಡಕ್ಕೆ ಅವರ ಭಾಷೆಯಲ್ಲಿ 'ಎಚ್'.

ಇದು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ. ನಮ್ಮ ಮಲೆನಾಡಿನ ಸೀತಾಳೆ ದಂಡೆಯ ಹಾಗೆ ಕೊಂಬೆಯ ಮೇಲೆ ಬರೀ ಕೂತಿರುತ್ತದೆ. ಮಳೆ ಮಂಜಿನ ನೀರನ್ನು ಎಲೆಯಿಂದಲೇ ಕುಡಿಯುತ್ತದೆ.

ಇವುಗಳಲ್ಲಿ ಟಿಲಾಂಡ್ಸಿಯಾ ಐಜಿ ಎಂಬುದರ ಸೊಗಸೇ ಬೇರೆ. ಕೆಂಪು ಗೊಂಚಲು ಜಡೆಕುಚ್ಚಿನಂತೆ ಕೆಳಗೆ ಇಳಿಬೀಳುತ್ತದೆ. ಆದರೆ ಪಾಪ, ವರ್ಷಗಟ್ಟಲೆ ಬೆಳೆದು ಒಂದೇ ಸಲ ಹೂ ಬಿಟ್ಟು ಸಾಯುವ ಗಿಡವಿದು. ಬೀಜ ಎಕ್ಕದ ಬೀಜದಂತೆ ಎಳೆ ಬಿಚ್ಚಿ ಗಾಳಿಯಲ್ಲಿ ತೇಲಿಹೋಗಿ ಬೇರೆ ಕೊಂಬೆ ಹಿಡಿಯಬೇಕು. ಹಬ್ಬಕ್ಕೆ ಬೇಕಾದದ್ದೋ ಹೂವಿರುವ ಗಿಡವೇ. ಕಿತ್ತರೆ ಬೀಜವೂ ಹೋಯಿತು. ಇತ್ತ ಕಾಡೂ ಕರಗುತ್ತಿದೆ, ಗಿಡ ಅಪರೂಪವಾಗುತ್ತಿದೆ. ಹಾಗಂತ ಹಬ್ಬ ಬಿಡಿ ಅಂತ ಅವರಿಗೆ ಹೇಳುವುದು ಯಾವ ನ್ಯಾಯ? 2003ರ ಹೊತ್ತಿಗೆ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು ಇದರ ಬೀಜವನ್ನು ಪ್ರಯೋಗಾಲಯದಲ್ಲೇ ಮೊಳಕೆ ಬರಿಸಿ ಸಸಿ ಮಾಡಿದರು. ಆದರೆ ಸಸಿ ಬೆಳೆಯುವುದು ಬಲು ನಿಧಾನ. ಹಬ್ಬವಾದರೋ ವರ್ಷ ವರ್ಷವೂ ಬರುತ್ತದೆ.