ಹಳೆಯ ಲಾರಿಯೂ ಕಾಯಕದ ದಾಖಲೆಯೂ

ಒಂದು ಸೀಮೆಯ ಇತಿಹಾಸವನ್ನು ಬರೆಯ ಹೊರಟವರು ಸಾಮಾನ್ಯವಾಗಿ ಅಲ್ಲಿಯ ಕೋಟೆಕೊತ್ತಲಗಳನ್ನೂ ಗುಡಿಗೋಪುರಗಳನ್ನೂ ಶಿಲಾಶಾಸನಗಳನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಚಿತ್ರದುರ್ಗದ ಸೀಮೆಗೆ ಇವುಗಳ ಕೊರತೆಯಿಲ್ಲ. ಆದರೆ ಜನಸಾಮಾನ್ಯರು ಹೊಟ್ಟೆಪಾಡಿಗಾಗಿ ದಿನವೂ ಬಳಸಿ, ಸವೆಸಿ, ಕಡೆಗೆ ಹಿತ್ತಿಲಿಗೆ ನೂಕಿದ ಸಾಧನಗಳು ಸಹ ಇತಿಹಾಸದ ಸಾಕ್ಷಿಗಳೇ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಲಾರಿ ಅಂತಹ ಒಂದು ಸಾಕ್ಷಿ. ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಲಾರಿಯ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ನನ್ನಂತಹವರಿಗೆ ಹಾಗೆ ಅನ್ನಿಸಲಾರದು. ಸುಗ್ಗಿ ಮುಗಿದ ಮೇಲೆ ಭಕ್ತರ ಊರೂರುಗಳಿಂದ ರಾಗಿ ಜೋಳಗಳ ಚೀಲಗಳು ದಾಸೋಹಕ್ಕೆ ಬಂದು ಸೇರುತ್ತಿದ್ದುದು ಲಾರಿಗಳ ಮೇಲೆಯೇ ಅಲ್ಲವೇ?

ಮಾರಿಕಣಿವೆಯ ಅಣೆಕಟ್ಟು ೧೯೦೭ರಲ್ಲಿ ಪೂರ್ಣಗೊಂಡಿತು. ವೇದಾವತಿಯನ್ನು ಎರಡು ಗುಡ್ಡಗಳ ನಡುವೆ ತಡೆದು, ಸುಮಾರು ೩೦ ಟಿಎಂಸಿ ನೀರನ್ನು ಹಿಡಿಯಬಲ್ಲ ಈ ಜಲಾಶಯಕ್ಕೆ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಗೌರವಾರ್ಥ ವಾಣಿವಿಲಾಸಸಾಗರವೆಂದು ಹೆಸರಾಯಿತು. ೧೯೩೩ರಲ್ಲಿ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ. ಇವೆಲ್ಲ ನಮ್ಮವರಿಗೆ ಬಾಯಿಪಾಠ. ಆದರೆ ಆ ನೀರಿನಿಂದ ಬೆಳೆದ ಫಸಲು ಪೇಟೆಗೆ ಹೇಗೆ ಹೋಯಿತೆಂಬುದನ್ನು ಯಾರೂ ಬರೆದಿಟ್ಟಂತೆ ಕಾಣೆ. ಇಪ್ಪತ್ತನೆಯ ಶತಮಾನದುದ್ದಕ್ಕೂ ಹಿರಿಯೂರಿಗೆ ರೈಲು ಬರಲಿಲ್ಲ. ಹೊಸದುರ್ಗದ ಹೆಸರು ಹೊತ್ತ ರೈಲು ನಿಲ್ದಾಣವಾದರೂ ಊರಿನಿಂದ ಬಲು ದೂರ. ಹೀಗಾಗಿ ಹಿರಿಯೂರಿನ ತೆಂಗು ಕಬ್ಬುಗಳು, ಹೊಳಲ್ಕೆರೆಯ ಅಡಿಕೆ, ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಬೇಕಾದ ಶೇಂಗಾ, ದಾವಣಗೆರೆಯ ಗಿರಣಿಗಳಿಗೆ ಬೇಕಾದ ಹತ್ತಿ, ಇವೆಲ್ಲ ಮೊದಲು ಎತ್ತಿನ ಗಾಡಿಯನ್ನೂ ಅನಂತರ ಲಾರಿಯನ್ನೂ ನಂಬಿದವು.

ಆ ಕಾಲದ ಲಾರಿಗಳಲ್ಲಿ ನಮ್ಮ ಕಡೆ ಹೆಚ್ಚು ಪರಿಚಿತವಾಗಿದ್ದುದು ಫಾರ್ಗೋ. ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು ಅಮೆರಿಕದ ಕ್ರೈಸ್ಲರ್ ಕಂಪನಿಯ ಒಡಂಬಡಿಕೆಯಿಂದ ೧೯೪೭ರಲ್ಲಿ ಮುಂಬಯಿಯ ಕುರ್ಲಾದಲ್ಲಿ ವಾಹನಗಳ ಜೋಡಣೆಯನ್ನು ಆರಂಭಿಸಿತು. ಡಾಡ್ಜ್, ಡಿಸೋಟೋ, ಫಾರ್ಗೋ ಎಂಬ ಮೂರು ಹೆಸರುಗಳಿದ್ದರೂ ಮೂಲತಃ ಲಾರಿ ಒಂದೇ. ಮೂತಿಯ ಮೇಲಿನ ಫಲಕ ಮಾತ್ರ ಬೇರೆ. ಟಾಟಾದವರ ಮರ್ಸಿಡಿಸ್ ಬೆಂಜ್ ಲಾರಿಗಳು ೧೯೫೪ರಿಂದ ಬರತೊಡಗಿದ ಮೇಲೆಯೂ ಎಷ್ಟೋ ವರ್ಷ ಫಾರ್ಗೋಗಳು ನಮ್ಮ ರಸ್ತೆಗಳಲ್ಲಿ ದುಡಿದವು.

ಅಂತಹ ಒಂದು ಫಾರ್ಗೋವನ್ನು ನಮ್ಮ ದೊಡ್ಡಪ್ಪನವರು ೧೯೫೭ರಲ್ಲಿ ದಾವಣಗೆರೆಯಿಂದ ಎರಡನೆಯ ಕೈಯಾಗಿ ಕೊಂಡು ತಂದರು. ೧೯೮೩ರವರೆಗೆ ಅದು ದುಡಿಯಿತು. ಆಮೇಲೆ ನಾಲೆಯ ಬದಿಯ ತೋಟದಲ್ಲಿ ಹುಣಸೆಯ ಮರದ ಕೆಳಗೆ ನಿಂತಿತು. ಅದರ ಹಲಗೆಗಳಿಗೆ ಗೆದ್ದಲು ಹಿಡಿಯಿತು. ಗಾಲಿಗಳು ಮಣ್ಣಿನೊಳಗೆ ಇಳಿದವು. ಕೆಲವು ವರ್ಷಗಳ ಹಿಂದೆ ತೋಟ ಪಾಲಾಗುವಾಗ ಗುಜರಿಯವನೊಬ್ಬ ಬಂದು ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದ. ಮನೆಯವರಲ್ಲಿ ಬಹುಮಂದಿ ಕೊಟ್ಟುಬಿಡುವುದೇ ಲೇಸೆಂದರು. ನನ್ನ ತಮ್ಮನೂ ನಾನೂ ಅದನ್ನು ನಮ್ಮ ಪಾಲಿಗೆ ಬಿಡಿರೆಂದು ಕೇಳಿಕೊಂಡೆವು. ನಮ್ಮ ಪುನರುದ್ಧಾರ ಕಾರ್ಯ ಹೀಗೆ ಆರಂಭವಾಯಿತು.

ಹಳೆಯ ಲಾರಿಯನ್ನು ಸರಿಪಡಿಸುವವನು ಮೊದಲು ಕೈಗೆತ್ತಿಕೊಳ್ಳಬೇಕಾದುದು ಸ್ಪ್ಯಾನರನ್ನಲ್ಲ, ಕಾಗದವನ್ನು. ಚಾಸಿಯ ಉಕ್ಕಿನ ತೊಲೆಯ ಮೇಲೆ ಅದರ ಸಂಖ್ಯೆಯನ್ನು ಕೊರೆದಿರುತ್ತಾರೆ. ತುಕ್ಕನ್ನು ಸೀಮೆಎಣ್ಣೆಯಿಂದ ನೆನೆಸಿ, ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿ, ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದರೆ, ಶಾಸನತಜ್ಞರು ಕಲ್ಲಿನಿಂದ ಪಡಿಯಚ್ಚು ತೆಗೆಯುವಂತೆಯೇ, ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಆ ಸಂಖ್ಯೆಯನ್ನು ನೋಂದಣಿ ಪುಸ್ತಕದೊಡನೆ ತಾಳೆ ನೋಡಬೇಕು. ಪುಸ್ತಕ ಕಳೆದಿದ್ದರೆ ಸಾರಿಗೆ ಕಚೇರಿಯ ಬಿ ರಿಜಿಸ್ಟರಿನ ನಕಲನ್ನು ಕೇಳಬೇಕು. ನಮ್ಮ ಪುಸ್ತಕ ದೊಡ್ಡಮ್ಮನವರ ಟ್ರಂಕಿನಲ್ಲಿ ಸುರಕ್ಷಿತವಾಗಿತ್ತು. ‘ಎಂವೈ’ ಎಂದು ಮೊದಲಾಗುವ ಹಳೆಯ ಮೈಸೂರು ಸಂಸ್ಥಾನದ ನೋಂದಣಿ. ಸಾಲ ಕೊಟ್ಟವರ ಮುದ್ರೆ. ತೆರಿಗೆ ಕಟ್ಟಿದ ಗುರುತುಗಳು. ಖಾಲಿ ಲಾರಿಯ ತೂಕ, ಹೇರಬಹುದಾದ ತೂಕ, ಎಲ್ಲವೂ ಅದರಲ್ಲಿದ್ದವು. ಮುಂಭಾಗದ ಹಲಗೆಯ ಮೇಲೆ ಮಾಸಿಹೋಗಿದ್ದ ‘ಪಬ್ಲಿಕ್ ಕ್ಯಾರಿಯರ್’ ಎಂಬ ಬರಹ ೧೯೩೯ರ ಮೋಟಾರು ವಾಹನ ಕಾಯಿದೆಯ ಕಾಲದ್ದು. ಬಾಡಿಗೆಗೆ ಯಾರ ಸರಕನ್ನಾದರೂ ಹೊರಬಹುದಾದ ಲಾರಿಗೆ ಆ ಕಾಯಿದೆ ಕೊಟ್ಟ ಹೆಸರು ಅದು. ೧೯೮೮ರ ಹೊಸ ಕಾಯಿದೆ ಆ ವಿಂಗಡಣೆಯನ್ನು ಕೈಬಿಟ್ಟಿತು.

ಆದರೆ ಪುಸ್ತಕದಲ್ಲಿ ಪೆಟ್ರೋಲ್ ಎಂಜಿನು ಎಂದು ಬರೆದಿದ್ದ ಕಡೆ ಗೀಟು ಹಾಕಿ ೧೯೬೨ರಲ್ಲಿ ಡೀಸೆಲ್ ಎಂದು ತಿದ್ದಲಾಗಿತ್ತು. ಬಾನೆಟ್ಟನ್ನು ಎತ್ತಿ ನೋಡಿದರೆ ಇದ್ದುದು ಆರು ಸಿಲಿಂಡರಿನ ಪರ್ಕಿನ್ಸ್ ಪಿ-೬ ಎಂಜಿನು. ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಈ ಎಂಜಿನನ್ನು ಮದರಾಸಿನ ಸಿಂಪ್ಸನ್ ಕಂಪನಿಯವರು ೧೯೫೦ರ ದಶಕದಲ್ಲಿ ನಮ್ಮ ದೇಶದಲ್ಲಿಯೇ ತಯಾರಿಸತೊಡಗಿದ್ದರು. ಪೆಟ್ರೋಲಿಗಿಂತ ಡೀಸೆಲ್ ಅಗ್ಗವಾದ್ದರಿಂದ ಅನೇಕ ಮಾಲೀಕರು ಅಮೆರಿಕದ ಎಂಜಿನನ್ನು ಇಳಿಸಿ ಇದನ್ನು ಕೂರಿಸಿದರು. ಇಲ್ಲಿ ನಮಗೊಂದು ಜಿಜ್ಞಾಸೆ ಎದುರಾಯಿತು. ಮೂಲರೂಪಕ್ಕೆ ತರುವುದೆಂದರೆ ಯಾವ ರೂಪಕ್ಕೆ? ಕುರ್ಲಾದಿಂದ ಹೊರಟ ದಿನದ ರೂಪಕ್ಕೆ ತರಬೇಕಾದರೆ ಪೆಟ್ರೋಲ್ ಎಂಜಿನನ್ನು ಹುಡುಕಬೇಕು. ಆದರೆ ಕಾರ್ಖಾನೆಯಿಂದ ಹೊರಟ ದಿನ ಅದು ಲಾರಿಯೇ ಆಗಿರಲಿಲ್ಲ. ಆ ಕಾಲದಲ್ಲಿ ಕಂಪನಿಗಳು ಕೊಡುತ್ತಿದ್ದುದು ಚಾಸಿ, ಎಂಜಿನು, ಮುಂದಿನ ಮೂತಿ ಇಷ್ಟನ್ನೇ. ಚಾಲಕನು ಕೂರುವ ಗೂಡನ್ನೂ ಸರಕಿನ ತೊಟ್ಟಿಯನ್ನೂ ಕಟ್ಟಿದವರು ನಮ್ಮ ಬಡಗಿಗಳು ಮತ್ತು ಕಮ್ಮಾರರು. ಅರ್ಧ ಲಾರಿ ಅಮೆರಿಕದ್ದಾದರೆ ಉಳಿದರ್ಧ ನಮ್ಮ ಸೀಮೆಯದು. ಇಪ್ಪತ್ತೊಂದು ವರ್ಷ ದುಡಿದ ಪರ್ಕಿನ್ಸ್ ಎಂಜಿನನ್ನು ಹೊರಗೆ ಹಾಕಿದರೆ ಲಾರಿಯ ಆಯುಷ್ಯದ ಬಹುಭಾಗವನ್ನೇ ಅಳಿಸಿದಂತೆ ಎಂದು ಯೋಚಿಸಿ, ಅದನ್ನೇ ಉಳಿಸಿಕೊಂಡೆವು.

ಬಿಡಿಭಾಗಗಳ ಶೋಧನೆ ತಾಳ್ಮೆಯ ಕೆಲಸ. ಚಾಸಿಯ ಬೋಲ್ಟುಗಳ ಮರೆ ಅಮೆರಿಕದ ಅಳತೆಯದು. ಎಂಜಿನಿನ ಬೋಲ್ಟುಗಳಲ್ಲಿ ಬಹಳಷ್ಟು ಹಳೆಯ ಇಂಗ್ಲಿಷ್ ಅಳತೆಯವು. ಇಂದು ಅಂಗಡಿಯಲ್ಲಿ ದೊರೆಯುವುವು ಮಿಲಿಮೀಟರಿನವು. ಒಂದೇ ಲಾರಿಗೆ ಎರಡು ಬಗೆಯ ಸ್ಪ್ಯಾನರುಗಳು ಬೇಕು. ಅಳತೆ ತಪ್ಪಿದ ಸ್ಪ್ಯಾನರಿನಿಂದ ತಿರುಗಿಸಿದರೆ ಬೋಲ್ಟಿನ ಮೂಲೆ ಸವೆದು ಅದು ಮತ್ತೆಂದೂ ಬಿಚ್ಚದಂತಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಗ್ಯಾಸ್ಕೆಟ್ಟುಗಳು ದೊರೆತವು. ಶಿವಾಜಿನಗರದ ಗುಜರಿಯಲ್ಲಿ ಬ್ರೇಕಿನ ಸಿಲಿಂಡರುಗಳು ಸಿಕ್ಕವು. ಪಿ-೬ ಎಂಜಿನನ್ನು ದೋಣಿಗಳಿಗೂ ಬಳಸುತ್ತಿದ್ದರೆಂಬುದನ್ನು ತಿಳಿದು ಕರಾವಳಿಯ ಬಂದರೊಂದಕ್ಕೆ ಹೋದೆವು; ಅಲ್ಲಿಯ ಗುಜರಿಯ ರಾಶಿಯಲ್ಲಿ ಒಂದು ಸಿಲಿಂಡರ್ ಹೆಡ್ ಗ್ರೀಸು ಮೆತ್ತಿಕೊಂಡು ಕೆಡದೆ ಉಳಿದಿತ್ತು. ಎಲ್ಲಿಯೂ ದೊರೆಯದ ಸ್ಪ್ರಿಂಗ್ ಪಿನ್ನುಗಳನ್ನು ಚಿತ್ರದುರ್ಗದ ಲೇತ್ ಕೆಲಸದವರೊಬ್ಬರು ಸವೆದ ಪಿನ್ನನ್ನೇ ಮಾದರಿಯಾಗಿಟ್ಟುಕೊಂಡು ಕಡೆದುಕೊಟ್ಟರು. ನಕಾಶೆಯಿಲ್ಲದೆ, ಬರಿಯ ಬೆರಳ ತುದಿಯಿಂದ ಸವಕಳಿಯನ್ನು ಅಂದಾಜು ಮಾಡುವ ಅವರ ವಿದ್ಯೆಯನ್ನು ಕಂಡು ನಾನು ಬೆರಗಾದೆ.

ಈ ಹುಡುಕಾಟದಲ್ಲಿ ನಮಗೆ ದೊರೆತ ಅತ್ಯಮೂಲ್ಯವಾದ ಸಹಾಯ ಯಾವ ಅಂಗಡಿಯದೂ ಅಲ್ಲ. ಆ ಲಾರಿಯನ್ನು ಇಪ್ಪತ್ತನಾಲ್ಕು ವರ್ಷ ನಡೆಸಿದ ಚಾಲಕರು ಹಿರಿಯೂರಿನಲ್ಲಿ ಮಗಳ ಮನೆಯಲ್ಲಿದ್ದರು. ಮಕ್ಕಳಾಗಿದ್ದಾಗ ನಾವು ಅವರನ್ನು ಡ್ರೈವರ್ ಮಾಮ ಎಂದೇ ಕರೆಯುತ್ತಿದ್ದೆವು. ಕಣ್ಣು ಮಂಜಾಗಿದ್ದರೂ ಅವರ ನೆನಪು ಮಾಸಿರಲಿಲ್ಲ. ಗಾಜಿನ ಮೇಲಿನ ಮರದ ತೊಲೆಯಲ್ಲಿ ಸಾಲಾಗಿ ಬಡಿದಿದ್ದ ಐದು ಹಿತ್ತಾಳೆಯ ಮೊಳೆಗಳನ್ನು ಬಡಗಿಯು ಕಿತ್ತು ಹಾಕಲು ಹೊರಟಿದ್ದನು. ಮಾಮ ತಡವರಿಸುತ್ತ ಕೈಚಾಚಿ ಅವುಗಳನ್ನು ಮುಟ್ಟಿ ನೋಡಿದರು.

“ಇವನ್ನು ಕೀಳಬೇಡಿರಪ್ಪ. ಎಂಜಿನು ಬಿಚ್ಚಿ ಕಟ್ಟಿದಾಗಲೆಲ್ಲ ಒಂದೊಂದು ಬಡಿದದ್ದು. ನಿಮ್ಮ ದೊಡ್ಡಪ್ಪನವರು ಲೆಕ್ಕ ಪುಸ್ತಕದಲ್ಲಿ ಬರೀತಿದ್ರು; ನನಗೆ ಓದು ಬರಹ ಇಲ್ಲ, ನನ್ನ ಲೆಕ್ಕ ಇದು” ಎಂದರು.

ಮೊಳೆಗಳು ಉಳಿದವು. ಆ ರಾತ್ರಿ ನೋಂದಣಿ ಪುಸ್ತಕವನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿ ನೋಡಿದೆ. ಮಾಲೀಕರ ಹೆಸರಿದೆ, ಸಾಲಗಾರರ ಹೆಸರಿದೆ, ತಪಾಸಣೆ ಮಾಡಿದ ಅಧಿಕಾರಿಗಳ ಸಹಿಗಳಿವೆ. ಇಪ್ಪತ್ತನಾಲ್ಕು ವರ್ಷ ಹಗಲಿರುಳು ಅದನ್ನು ನಡೆಸಿದವರ ಹೆಸರಿಗೆ ಅದರಲ್ಲಿ ಒಂದು ಕಲಮೂ ಇಲ್ಲ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹನ್ನೆರಡನೆಯ ಶತಮಾನದ ಶರಣರ ಪರಂಪರೆಯಲ್ಲಿ ಬೆಳೆದವರಿಗೆ ಅದು ಸರಿಯೆನಿಸದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ ಎಂದು ನಾವು ಇಂದಿಗೂ ಹೇಳುವಾಗ ಕಾಯಕವೇ ಹೆಸರಿನ ಮುಂದೆ ನಿಲ್ಲುತ್ತದೆ. ದೋಣಿಯ ಒಡೆಯನಾರೆಂದು ಯಾರೂ ಕೇಳುವುದಿಲ್ಲ. ಹುಟ್ಟು ಹಾಕಿದವನ ಹೆಸರು ಎಂಟುನೂರು ವರ್ಷ ಉಳಿದಿದೆ.

ಕಾನೂನು ಇನ್ನೊಂದು ರೀತಿಯಲ್ಲಿಯೂ ಲಾರಿಯನ್ನು ಮರೆತಿದೆ. ಕೇಂದ್ರ ಸರ್ಕಾರವು ೨೦೨೧ರಲ್ಲಿ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ ವಾಹನಗಳನ್ನು ಪಾರಂಪರಿಕವೆಂದು ಗುರುತಿಸಿ, ‘ವಿಎ’ ಎಂಬ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ಕೊಡುವ ಏರ್ಪಾಡು ಮಾಡಿತು. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಮಾತ್ರ. ಸರಕು ಹೊತ್ತ ಲಾರಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಮ್ಮ ಫಾರ್ಗೋ ಈಗ ತೋಟದ ಒಳದಾರಿಯಲ್ಲಿ ಓಡಾಡುತ್ತದೆಯೇ ಹೊರತು ಹೆದ್ದಾರಿಗೆ ಇಳಿಯುವಂತಿಲ್ಲ. ಧರ್ಮಸ್ಥಳದ ವಾಹನ ಸಂಗ್ರಹದಂತಹ ಸ್ತುತ್ಯ ಪ್ರಯತ್ನಗಳು ನಮ್ಮ ನಾಡಿನಲ್ಲಿ ನಡೆದಿವೆ. ಆದರೂ ಸಂಗ್ರಾಹಕರ ಒಲವು ಸಹಜವಾಗಿಯೇ ಕಾರುಗಳ ಕಡೆಗೆ. ಇಂಗ್ಲೆಂಡಿನಲ್ಲಿ ೧೯೬೨ರಿಂದಲೇ ಹಳೆಯ ಲಾರಿ ಬಸ್ಸುಗಳು ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆಯಾಗಿ ಸಾಗುತ್ತ ಬಂದಿವೆ. ಅಮೆರಿಕದಲ್ಲಿ ಲಾರಿಗಳ ಇತಿಹಾಸಕ್ಕೆಂದೇ ೧೯೭೧ರಲ್ಲಿ ಸಂಘವೊಂದು ಸ್ಥಾಪನೆಯಾಯಿತು. ಅರಸರ ಕಾರಿನಷ್ಟೇ ದುಡಿದ ಲಾರಿಯೂ ಮಾನ್ಯವೆಂಬ ಭಾವನೆ ಅಲ್ಲಿದೆ. ಕಾಯಕವೇ ಶ್ರೇಷ್ಠವೆಂದು ಸಾರಿದ ನೆಲದಲ್ಲಿ ಆ ಭಾವನೆ ಇನ್ನೂ ಸುಲಭವಾಗಿ ಬೇರೂರಬೇಕು.

ಎಲ್ಲರೂ ಹಳೆಯ ಲಾರಿಗಳನ್ನು ದುರಸ್ತಿ ಮಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಹಣ, ಸ್ಥಳ, ಸಮಯ ಮೂರೂ ಬೇಕು. ಆದರೆ ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಲಾರಿ ಇದ್ದ ಮನೆತನದವರು ಹಲವರಿದ್ದಾರೆ. ಅವರಲ್ಲಿ ನನ್ನ ಅರಿಕೆ ಇಷ್ಟೆ. ತುಕ್ಕು ಹಿಡಿದ ಲಾರಿಯನ್ನು ಗುಜರಿಗೆ ಕೊಡುವುದು ಅನಿವಾರ್ಯವಾದರೆ ಕೊಡಿರಿ. ಅದಕ್ಕೆ ಮೊದಲು ನೋಂದಣಿ ಪುಸ್ತಕವನ್ನು ತೆಗೆದಿಡಿರಿ, ಚಾಸಿಯ ಸಂಖ್ಯೆಯ ಅಚ್ಚು ತೆಗೆಯಿರಿ, ಒಂದು ಛಾಯಾಚಿತ್ರ ತೆಗೆಸಿರಿ. ಅದನ್ನು ನಡೆಸಿದವರು, ಸರಕು ಹೇರಿ ಇಳಿಸಿದವರು, ಕಟ್ಟಿ ರಿಪೇರಿ ಮಾಡಿದವರು ಬದುಕಿದ್ದರೆ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿರಿ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಒಂದು ದಪ್ಪ ದಾಖಲೆ ಪುಸ್ತಕವನ್ನು ಇಡಬಹುದು. ಪ್ರೌಢಶಾಲೆಯ ಮಕ್ಕಳೇ ತಮ್ಮ ತಮ್ಮ ಊರುಗಳಿಂದ ವಿವರಗಳನ್ನು ತಂದು ಅದರಲ್ಲಿ ತುಂಬಬಹುದು. ಅಧ್ಯಾಪಕ ವರ್ಗದವರು ಮನಸ್ಸು ಮಾಡಿದರೆ ಇದು ಬಹಳ ಖರ್ಚಿನ ಕಾರ್ಯವಲ್ಲ.

ಡ್ರೈವರ್ ಮಾಮ ಎಂಜಿನಿನ ಸದ್ದನ್ನು ಮತ್ತೊಮ್ಮೆ ಕೇಳಿ, ಮೂರನೆಯ ಸಿಲಿಂಡರು ಸ್ವಲ್ಪ ಹಿಂದೆ ಬೀಳುತ್ತಿದೆಯೆಂದು ತಿದ್ದಿ ಹೇಳಿದರು. ಅದಾದ ಮರುವರ್ಷ ಅವರು ತೀರಿಕೊಂಡರು. ನೋಂದಣಿ ಪುಸ್ತಕದಲ್ಲಿ ನಾವು ಏನನ್ನೂ ಬರೆಯುವಂತಿಲ್ಲ, ಅದು ಸರ್ಕಾರದ್ದು. ಆದ್ದರಿಂದ ಅವರ ಹೆಸರನ್ನು ಲಾರಿಯ ಬಾಗಿಲಿನ ಮೇಲೆ, ಮಾಲೀಕರ ಹೆಸರಿಗಿಂತ ಮೇಲಿನ ಸಾಲಿನಲ್ಲಿ, ಬಣ್ಣದಿಂದ ಬರೆಸಿದ್ದೇವೆ.