ಸಾಕ್ಷಿಗೆ ಕರೆಂಟು ಕೊಟ್ಟ ಕಥೆ

ನಮ್ಮ ಮನೆಯ ಕೆಲಸದ ಹಂಚಿಕೆ ಮದುವೆಯಾದಂದಿನಿಂದ ಒಂದೇ ರೀತಿ. ಫ್ಯೂಸ್ ಹೋದರೆ ಸ್ಟೂಲು ಹತ್ತುವವರು ಇವರು, ಕೆಳಗೆ ಟಾರ್ಚು ಹಿಡಿಯುವವಳು ನಾನು. ಬೆಳಕು ಸರಿಯಾಗಿ ಬಿಡಲಿಲ್ಲವೆಂದು ಬೈಸಿಕೊಳ್ಳುವವಳೂ ನಾನೇ. ಸಮಾಜ ವಿಜ್ಞಾನ ಪಾಠ ಹೇಳುವ ನನಗೆ ವೋಲ್ಟು, ಆಂಪಿಯರು ಎಂದರೆ ಪಕ್ಕದ ತರಗತಿಯಿಂದ ತೇಲಿಬರುವ ಮಾತುಗಳು, ಅಷ್ಟೆ. ಇಂಥವಳು ಒಂದು ಭಾನುವಾರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಫ್ಯೂಸುಗಳ ಬಣ್ಣ ನೋಡುತ್ತ ಕೂತಿದ್ದೆ ಎಂದರೆ ಅದಕ್ಕೊಂದು ಕಾರಣ ಬೇಡವೇ?

2023ರ ಮಳೆಗಾಲ. ಸಾಗರದ ಪೇಟೆಯಲ್ಲಿ ರಸ್ತೆ ಬದಿಗೆ ಕಾರು ನಿಲ್ಲಿಸಿ ಇನ್ನೂ ಇಳಿದಿರಲಿಲ್ಲ, ಬೈಕಿನ ಹುಡುಗನೊಬ್ಬ ಹಿಂದಿನಿಂದ ಬಂದು ಗುದ್ದಿ ಬಿದ್ದ. ಜನ ಸೇರಿದರು. ನೋಡಿದವರು ಒಬ್ಬರೂ ಇರಲಿಲ್ಲ, ಆದರೆ ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತು! "ಹೆಂಗಸರ ಡ್ರೈವಿಂಗ್ ಅಲ್ವಾ, ಹಂಗೇ" ಎಂದು ಒಬ್ಬರು ತೀರ್ಪು ಕೊಟ್ಟರು. ಎರಡು ಸಾವಿರ ರೂಪಾಯಿ ತೆತ್ತು ಮನೆಗೆ ಬಂದೆ. ದುಡ್ಡು ಹೋದದ್ದಕ್ಕೆ ಅಷ್ಟು ಬೇಸರವಾಗಲಿಲ್ಲ. ಎಲ್ಲ ಕೇಳಿದ ಮೇಲೆ ಇವರು ಪೇಪರಿನಿಂದ ತಲೆ ಎತ್ತದೆ "ನೀನು ಕನ್ನಡಿ ನೋಡಿರಲಿಕ್ಕಿಲ್ಲ ಬಿಡು" ಎಂದರಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ.

ಫೋನಿನಲ್ಲಿ ನನ್ನ ದನಿ ಕೇಳಿಯೇ ಅರ್ಥಮಾಡಿಕೊಂಡ ಮಗ ಬೆಂಗಳೂರಿನಿಂದ ಒಂದು ಪುಟ್ಟ ಕ್ಯಾಮೆರಾ ಕಳಿಸಿದ. ಮುಂದಿನ ಗಾಜಿಗೆ ಅಂಟಿಸಿದರೆ ರಸ್ತೆಯನ್ನೆಲ್ಲ ಚಿತ್ರ ತೆಗೆಯುತ್ತದೆ, ಮಾತನ್ನೂ ಹಿಡಿಯುತ್ತದೆ. ಸಿಗರೇಟ್ ಲೈಟರಿನ ತೂತಿಗೆ ಅದರ ವೈರು ಸಿಕ್ಕಿಸಿದೆ. ಬಟ್ಟೆ ಒಣಗಿಸುವ ಹಗ್ಗದ ಹಾಗೆ ಅದು ಕಣ್ಣೆದುರೇ ಜೋತುಬಿತ್ತು. ಅದನ್ನಾದರೂ ಸಹಿಸಬಹುದು; ಕೀಲಿ ತಿರುಗಿಸಿದೊಡನೆ ಕ್ಯಾಮೆರಾವೂ ಕಣ್ಣು ಮುಚ್ಚುತ್ತಿತ್ತು. ತರಕಾರಿ ತಂದು ನೋಡುವಷ್ಟರಲ್ಲಿ ನಿಂತ ಕಾರಿನ ಬಾಗಿಲನ್ನು ಯಾರೋ ತಗ್ಗಿಸಿ ಹೋಗಿದ್ದರು. ನನ್ನ ಸಾಕ್ಷಿ ಆಗ ನಿದ್ದೆಯಲ್ಲಿತ್ತು.

ಕಾರು ನಿಂತಾಗಲೂ ಕ್ಯಾಮೆರಾ ಎಚ್ಚರವಿರಬೇಕೆಂದರೆ ನೇರ ವೈರಿಂಗ್ ಆಗಬೇಕಂತೆ. ರಸ್ತೆ ಬದಿಯ ಒಬ್ಬ ಎಲೆಕ್ಟ್ರೀಷಿಯನ್ ಕಾಲು ಗಂಟೆಯಲ್ಲಿ ಮಾಡಿಕೊಟ್ಟ. ಕಾರಿನೊಳಗಿನ ದೀಪದ ವೈರಿನ ಸಿಪ್ಪೆ ಸುಲಿದು, ತನ್ನದೊಂದು ವೈರು ಸುತ್ತಿ, ಕಪ್ಪು ಟೇಪು ಹಚ್ಚಿದ. "ಇದಕ್ಕೆ ಫ್ಯೂಸು ಬೇಡ್ವೇನಪ್ಪ?" ಎಂದೆ. "ಫ್ಯೂಸಿದ್ರೆ ತಾನೇ ಹೋಗೋದು ಮೇಡಂ" ಎಂದು ನಕ್ಕ. ನಾನೂ ನಕ್ಕೆ.

ಸೆಪ್ಟೆಂಬರಿನ ಒಂದು ಸೋಮವಾರ, ಅರ್ಧವಾರ್ಷಿಕ ಪರೀಕ್ಷೆಯ ಮೊದಲ ದಿನ. ಪ್ರಶ್ನೆಪತ್ರಿಕೆಗಳ ಕಟ್ಟು ನನ್ನ ಬಳಿ, ಶಾಲೆ 14 ಕಿಲೋಮೀಟರ್ ದೂರ. ಕೀಲಿ ತಿರುಗಿಸಿದರೆ ಕಾರು ಟಿಕ್ ಎಂದು ಸುಮ್ಮನಾಯಿತು. ಎರಡು ಬಸ್ಸು ಬದಲಿಸಿ ನಾನು ತಲುಪುವಷ್ಟರಲ್ಲಿ ಮಕ್ಕಳು ಮುಕ್ಕಾಲು ಗಂಟೆ ಕಾದಿದ್ದರು. ಸಂಜೆ ಇವರದು ಒಂದೇ ಮಾತು: "ನಾನು ಮೊದಲೇ ಹೇಳಲಿಲ್ವಾ?" ಹೇಳಿರಲಿಲ್ಲ. ಆದರೆ ಅದಕ್ಕೂ ಸಾಕ್ಷಿ ಇರಲಿಲ್ಲವಲ್ಲ!

ಆಗ ನೆನಪಾದವನು ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಪಾಣಿಪತ್ ಕದನಗಳು ಎಷ್ಟೆಂದು ಮೂರು ವರ್ಷವೂ ಅವನಿಗೆ ಗೊತ್ತಾಗಲಿಲ್ಲ. ಈಗ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ಬಂದವನೇ ಕಪ್ಪು ಟೇಪು ಬಿಚ್ಚಿ ತಲೆ ಚಚ್ಚಿಕೊಂಡ.

"ಲೆಕ್ಕ ಹಾಕಿ ಟೀಚರ್. ನಿಮ್ಮ ಕ್ಯಾಮೆರಾ 0.3 ಆಂಪಿಯರ್ ತಗೊಳುತ್ತೆ ಅಂತಿಟ್ಟುಕೊಳ್ಳಿ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ 62 ಗಂಟೆ. ಹದಿನೆಂಟೂವರೆ ಆಯ್ತು. ನಿಮ್ಮ ಬ್ಯಾಟರಿ ಹೊಸದಿದ್ದಾಗಲೇ 35. ಅರ್ಧಕ್ಕಿಂತ ಹೆಚ್ಚು ಕುಡಿದುಬಿಡ್ತು." ಲೆಕ್ಕದಲ್ಲಿ ನಪಾಸಾಗುತ್ತಿದ್ದವನ ಬಾಯಲ್ಲಿ ಇಂಥ ಲೆಕ್ಕ ಕೇಳಿ ನನಗೆ ನಾಚಿಕೆಯಾಯಿತು. ನಾವು ಮೇಷ್ಟ್ರುಗಳು ಏನನ್ನು ನಪಾಸು ಮಾಡಿದ್ದೆವೋ!

ಭಾನುವಾರ ಅವನು ಸಾಮಾನು ತಂದ. "ನೀವೇ ಕೂತು ಹಾಕಿ, ನಾನು ಹೇಳ್ತೀನಿ" ಎಂದ. ಕಾರಿನಲ್ಲಿ ಎರಡು ಬಗೆಯ ಕರೆಂಟು ಇರುತ್ತದೆ: ಕೀಲಿ ತಿರುಗಿಸಿದರೆ ಮಾತ್ರ ಬರುವುದೊಂದು, ಯಾವಾಗಲೂ ಇರುವುದೊಂದು. ಅವನು ತಂದ ಡಬ್ಬಿಗೆ ಮೂರು ವೈರು. ಒಂದು ಆ ಕರೆಂಟಿಗೆ, ಒಂದು ಈ ಕರೆಂಟಿಗೆ, ಕಪ್ಪನೆಯದು ಕಾರಿನ ಲೋಹದ ಮೈಗೆ ಕಚ್ಚಿದ ಬೋಲ್ಟಿಗೆ. ಮಿಕ್ಕೆರಡರ ಬಣ್ಣ ತಯಾರಿಸುವವರ ಇಷ್ಟ, ಮೇಲಿನ ಚೀಟಿ ಓದಬೇಕು. ಮೊದಲನೆಯ ವೈರು ಕಾರು ಓಡುತ್ತಿದೆಯೋ ನಿಂತಿದೆಯೋ ಎಂದು ಕ್ಯಾಮೆರಾಕ್ಕೆ ತಿಳಿಸುತ್ತದೆ. ನಿಂತಾಗ ಎಚ್ಚರವಿಡುವುದು ಎರಡನೆಯದು. ಬ್ಯಾಟರಿಯ 12 ವೋಲ್ಟನ್ನು ಕ್ಯಾಮೆರಾಕ್ಕೆ ಬೇಕಾದ 5 ವೋಲ್ಟಿಗೆ ಇಳಿಸುವುದು ಡಬ್ಬಿಯ ಕೆಲಸ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಸುಮಾರು ಅರ್ಧ ಖಾಲಿ. ಅಲ್ಲಿಗೆ ಬಂದಾಗ ಡಬ್ಬಿಯೇ ಕರೆಂಟು ನಿಲ್ಲಿಸುವಂತೆ ಅದರ ಗುಂಡಿ ಇಡಿಸಿದ.

ಫ್ಯೂಸು ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಗಾಜಿನ ಬಳೆ ಅಂಗಡಿ! ಕೆಂಪು 10 ಆಂಪಿಯರು, ನೀಲಿ 15, ಹಳದಿ 20, ಹಸಿರು 30. ಏರ್‌ಬ್ಯಾಗಿನ ಫ್ಯೂಸಿನ ತಂಟೆಗೆ ಹೋಗಬಾರದೆಂದು ಮೊದಲೇ ಎಚ್ಚರಿಸಿದ. ಮೀಟರಿನ ಕಡ್ಡಿ ಮುಟ್ಟಿಸಿ, ಕೀಲಿಯೊಂದಿಗೆ ಬರುವುದು ಯಾವುದು, ಸದಾ ಇರುವುದು ಯಾವುದು ಎಂದು ನಾನೇ ಹುಡುಕಿದೆ. ಆ ಫ್ಯೂಸು ಕಿತ್ತು, ಅಲ್ಲಿ ಫ್ಯೂಸ್ ಟ್ಯಾಪ್ ಎಂಬ ಎರಡು ಮನೆಯ ಸಾಧನ ಕೂರಿಸಿದೆ. ಒಂದು ಮನೆಯಲ್ಲಿ ಹಳೆಯ ಫ್ಯೂಸು, ಇನ್ನೊಂದರಲ್ಲಿ ಕ್ಯಾಮೆರಾಕ್ಕೆಂದು 3 ಆಂಪಿಯರಿನ ನೇರಳೆ ಬಣ್ಣದ್ದು. ಎಲ್ಲಿಯೂ ವೈರು ಕತ್ತರಿಸಲಿಲ್ಲ.

"ಇಷ್ಟು ಸಣ್ಣದು ಸಾಕೇನೋ?"

"ಸಣ್ಣದೇ ಬೇಕು ಟೀಚರ್. ಏನಾದ್ರೂ ಆದ್ರೆ ಮೊದಲು ಅದು ಸುಟ್ಟುಹೋಗ್ಬೇಕು. ಅದು ಹೋಗದೆ ಇದ್ರೆ ವೈರು ಸುಡುತ್ತೆ, ಆಮೇಲೆ ಕಾರು."

ಕಂಬದೊಳಗಿನ ಏರ್‌ಬ್ಯಾಗಿಗೆ ಅಡ್ಡ ಬಾರದಂತೆ ಅದರ ಹಿಂದಿನಿಂದ ವೈರು ಎಳೆದು ಮುಗಿಸಿದಾಗ ಒಂದು ಗಂಟೆ. ಆ ಹೊತ್ತೆಲ್ಲ ಟಾರ್ಚು ಹಿಡಿದು ನಿಂತವರು ಇವರು. "ಸ್ವಲ್ಪ ಸರಿಯಾಗಿ ಹಿಡೀರಿ" ಎಂದು ನಾನು ಎರಡು ಸಲ ಹೇಳಿದೆ. ಮೂರನೆಯದು ಬೇಕೆಂದೇ ಹೇಳಿದ್ದು.

ಒಂದು ತಿಂಗಳಾಗಿರಬಹುದು. ಪೇಟೆಯಲ್ಲಿ ನನ್ನ ಎಡಗಡೆ ಬರುತ್ತಿದ್ದ ಆಟೋ ಬದಿಯ ಕಲ್ಲಿಗೆ ಹತ್ತಿ, ಮುಂದಿನ ಮಡ್‌ಗಾರ್ಡು ನುಗ್ಗಾಯಿತು. "ನೋಡ್ಕೊಂಡು ಓಡಿಸೋಕಾಗಲ್ವಾ?" ಎಂದು ಶಾಲೆಯ ದನಿಯಲ್ಲೇ ಗದರಿಸಿದೆ. ಅವನು ಏನೋ ಹೇಳಬಂದವನು ಸುಮ್ಮನಾದ. ಈ ಸಲ ಸಾಕ್ಷಿ ಇದೆ ಎಂಬ ಜಂಬದಲ್ಲಿ ಮನೆಗೆ ಬಂದು, ಇವರಿಗೆ ತೋರಿಸುವ ಮುಂಚೆ ಒಬ್ಬಳೇ ನೋಡಿದೆ.

ರಸ್ತೆ ಹಠಾತ್ತನೆ ಎಡಕ್ಕೆ ತಿರುಗುತ್ತದೆ. ತಿರುಗಿದ್ದು ನಾನು, ತರಕಾರಿ ಅಂಗಡಿಯ ಕಡೆಗೆ. ಇಂಡಿಕೇಟರಿನ ಟಿಕ್ ಟಿಕ್ ಕೇಳುವುದಿಲ್ಲ. ಕೇಳುವುದು ನನ್ನ ದನಿ: "ಹೀರೇಕಾಯಿ, ಬದನೆ, ಕೊತ್ತಂಬರಿ..."

ಕಾರ್ಡು ತುಂಬಿದ ಮೇಲೆ ಈ ಕ್ಯಾಮೆರಾ ಹಳೆಯದನ್ನು ತಾನೇ ಅಳಿಸಿಕೊಳ್ಳುತ್ತದೆ. ನಾಲ್ಕು ದಿನ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಗೂ ಜಗಲಿಗೂ ನಾಲ್ಕು ಸಲ ಓಡಾಡಿದೆ. ಕಡೆಗೆ ಇವರ ಮುಂದೆಯೇ ಇಟ್ಟೆ. ಎರಡು ಸಲ ನೋಡಿದರು. ನಗಲಿಲ್ಲ. ಬಹಳ ಹೊತ್ತಿನ ಮೇಲೆ, "ಆವತ್ತು ಬೈಕಿನವನದೇ ತಪ್ಪಿರಬೇಕು ಕಣೇ" ಎಂದರು.

ಮರುದಿನ ಆಟೋ ಸ್ಟ್ಯಾಂಡಿಗೆ ಹೋದೆ. ಮಡ್‌ಗಾರ್ಡ್ ಸರಿಮಾಡಿಸಲು ಎರಡು ಸಾವಿರ ಆಗಿತ್ತಂತೆ. ಕೊಟ್ಟು, ತಪ್ಪು ನನ್ನದೆಂದು ನಾಲ್ಕು ಜನರ ಎದುರೇ ಹೇಳಿದೆ. ಅವನಿಗೆ ನನಗಿಂತ ಹೆಚ್ಚು ಸಂಕೋಚವಾಯಿತು. "ಅಯ್ಯೋ ಬಿಡಿ ಮೇಡಂ. ಆ ಕ್ಯಾಮೆರಾ ಎಲ್ಲಿ ಹಾಕಿಸಿದ್ರಿ? ನಮ್ಮ ಆಟೋಗೂ ಆಗುತ್ತಾ?" ಎಂದ.

ನನ್ನ ಶಿಷ್ಯನ ಅಂಗಡಿಯ ದಾರಿ ಹೇಳಿದೆ. ಹೊರಟವಳು ಹಿಂತಿರುಗಿ ಬಂದು ಇನ್ನೊಂದು ಮಾತು ಸೇರಿಸಿದೆ: "ಫ್ಯೂಸು ಬೇಡ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಅವರ ಕೈಗೆ ಗಾಡಿ ಕೊಡಬೇಡಪ್ಪ."