ಹಾಯಿದೋಣಿಯ ಅತಿಥಿಗಳು

ಮಲೆನಾಡಿನ ಮನೆಗೆ ಬರತಕ್ಕ ಅತಿಥಿಯನ್ನು ಹೊಸಿಲಿನಲ್ಲಿ ನಿಲ್ಲಿಸಿ ಯಾರೂ ಕಾಗದ ಕೇಳುವುದಿಲ್ಲ. ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರನ್ನಿಟ್ಟು, ಕವಳದ ತಟ್ಟೆಯನ್ನು ಮುಂದೆ ಸರಿಸಿದ ಬಳಿಕವೇ ಎಲ್ಲಿಂದ ಬಂದಿರಿ, ಏನು ಕಾರಣವೆಂಬ ಮಾತು. ನಾಡಿನ ಹೊಸಿಲಿನ ರೀತಿ ಇದಕ್ಕೆ ವಿಪರೀತವಾದುದು. ಅಲ್ಲಿ ಪ್ರಶ್ನೆ ಮೊದಲು, ಉಪಚಾರ ಆಮೇಲೆ. ಈ ಎರಡು ರೀತಿಗಳೂ ಒಂದೇ ಸ್ಥಳದಲ್ಲಿ ಎದುರುಬದುರಾಗುವುದು ಅಪರೂಪ; ಪರದೇಶದಲ್ಲಿ ಬಾಡಿಗೆಗೆ ಹಿಡಿದ ಹಾಯಿದೋಣಿ ಅಂತಹ ಸ್ಥಳಗಳಲ್ಲಿ ಒಂದು. ಒಲೆ, ಹಾಸಿಗೆ, ಆತಿಥೇಯರು ಎಲ್ಲವೂ ಇರುವುದರಿಂದ ಅದು ಮನೆಯಂತೆ ತೋರುತ್ತದೆ. ಆದರೆ ಕಾಯಿದೆಯ ಕಣ್ಣಿಗೆ ಅದು ಹಡಗು. ಅದರಲ್ಲಿ ಕುಳಿತವರು ನೆಂಟರಲ್ಲ, ಪಟ್ಟಿಯಲ್ಲಿ ಬರೆದ ಹೆಸರುಗಳು.

ಸುಂಕದ ಕಟ್ಟೆಯೆಂಬುದು ಈ ಸೀಮೆಗೆ ಹೊಸದಲ್ಲ. ಸೊರಬ ಶಿಕಾರಿಪುರಗಳು ಬನವಾಸಿ ನಾಡಿಗೆ ಸೇರಿದ್ದ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಹಡಗಿನ ಅತಿಥಿಯೂ ಹೊಸಬನಲ್ಲ. 1623ರಲ್ಲಿ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ನೋಡಬೇಕೆಂದು ಬಯಸಿ, ಗೋವೆಯಿಂದ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿದನು. ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ಹೊಳೆಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಯನ್ನು ಸೇರಿದನು. ಅವನು ರಾಯಭಾರಿಯೂ ಅಲ್ಲ, ವ್ಯಾಪಾರಿಯೂ ಅಲ್ಲ; ರಾಯಭಾರಿಯ ಪರಿವಾರದಲ್ಲಿ ಒಬ್ಬನೆಂಬುದೇ ಅವನ ಗುರುತು. ಹಿರಿಯನೊಬ್ಬನ ನೆರಳಿನಲ್ಲಿ ಬಂದವನಿಗೆ ಬಾಗಿಲು ತೆರೆಯುತ್ತಿದ್ದ ಕಾಲವದು. ಇಂದಿನ ಕಾಲದಲ್ಲಿ ಆ ನೆರಳು ಎಷ್ಟು ದೂರ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯದೆ ಹೊರಟವರು ತೊಡಕಿಗೆ ಸಿಕ್ಕುವುದುಂಟು.

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ನಿವೃತ್ತರಾಗಿ ನೆಲೆಸಿದ ಮೇಷ್ಟರೊಬ್ಬರಿಗೂ ಅವರ ಪತ್ನಿಗೂ ಜರ್ಮನಿಯಲ್ಲಿರುವ ಮಗಳಿಂದ ಕರೆ ಬಂದಿತು. ಮಗಳೂ ಅಳಿಯನೂ ಗ್ರೀಸಿನ ಕೋಸ್ ದ್ವೀಪದಲ್ಲಿ ಒಂದು ವಾರದ ಮಟ್ಟಿಗೆ ಹಾಯಿದೋಣಿಯೊಂದನ್ನು, ಅದನ್ನು ನಡೆಸತಕ್ಕ ನಾವಿಕನೊಡನೆ, ಬಾಡಿಗೆಗೆ ಹಿಡಿದಿದ್ದರು. ಅವರು ಶನಿವಾರ ದೋಣಿ ಹತ್ತುವುದೆಂದೂ, ಜರ್ಮನಿಯಲ್ಲಿ ಎರಡು ದಿನ ವಿಶ್ರಮಿಸಿದ ಹಿರಿಯರು ಸೋಮವಾರ ಬಂದು ಕೂಡಿಕೊಳ್ಳುವುದೆಂದೂ ಏರ್ಪಾಡು. ಕೋಸಿನ ಎದುರಿಗೆ, ಕೆಲವೇ ಮೈಲಿಗಳ ನೀರಿನ ಆಚೆ, ತುರ್ಕಿಯ ಬೋಡ್ರುಮ್ ಪಟ್ಟಣವಿದೆ. ಪ್ರಾಚೀನರ ಹಾಲಿಕಾರ್ನಾಸಸ್ ಅದೇ. ಇತಿಹಾಸಕಾರ ಹೆರೊಡೋಟಸನು ಹುಟ್ಟಿದ ಊರು. ಸಪ್ತಾದ್ಭುತಗಳಲ್ಲಿ ಒಂದೆನಿಸಿದ ಮೌಸೋಲಸನ ಸಮಾಧಿ ಇದ್ದ ಸ್ಥಳ. ಮೂವತ್ತು ವರ್ಷ ಚರಿತ್ರೆಯನ್ನು ಬೋಧಿಸಿದ ಮೇಷ್ಟರಿಗೆ ದೋಣಿಯ ವಿಹಾರಕ್ಕಿಂತ ಆ ಊರಿನ ಆಸೆಯೇ ದೊಡ್ಡದು.

ಹೊರಡುವ ಮೊದಲು ಮನೆಯಾಕೆ ಕಟ್ಟಿದ ಗಂಟಿನಿಂದಲೇ ಕಾಯಿದೆಯ ಪರಿಚಯ ಆರಂಭವಾಯಿತು. ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ಬರುವ ಪ್ರಯಾಣಿಕರು ಮಾಂಸ, ಹಾಲು ಮತ್ತು ಅವುಗಳಿಂದಾದ ಪದಾರ್ಥಗಳನ್ನು ಚೀಲದಲ್ಲಿ ತರಕೂಡದು. ಆದುದರಿಂದ ಮನೆಯ ತುಪ್ಪದ ಡಬ್ಬಿ ಮನೆಯಲ್ಲಿಯೇ ಉಳಿಯಿತು. ಹಸಿಯ ಹಣ್ಣು, ಸೊಪ್ಪು, ಗಿಡಗಳಿಗೆ ರೋಗವಿಲ್ಲವೆಂಬ ಸರ್ಕಾರಿ ಪತ್ರ ಬೇಕು. ಕರಿಬೇವಿನ ಕಟ್ಟೂ ಉಳಿಯಿತು. ವಿಚಿತ್ರವೆಂದರೆ ಈ ಪತ್ರದ ನಿಯಮದಿಂದ ಬಿಡುಗಡೆ ಪಡೆದ ಹಣ್ಣುಗಳು ಐದೇ: ಅನಾನಸು, ತೆಂಗು, ಬಾಳೆ, ಖರ್ಜೂರ, ದೂರಿಯನ್. ಅವುಗಳಲ್ಲಿ ಮೂರು ಸೊರಬದ ಸೀಮೆಯವೇ ಎಂದು ಕೇಳಿದಾಗ ಆ ತಾಯಿಗೆ ಸ್ವಲ್ಪ ಸಮಾಧಾನವಾಯಿತು. ಕೊನೆಗೆ ಮಗಳಿಗಾಗಿ ಹೋದದ್ದು ಎರಡು ತೆಂಗಿನಕಾಯಿ ಮತ್ತು ಸಾರಿನ ಪುಡಿ.

ಫ್ರಾಂಕ್‌ಫರ್ಟಿನಲ್ಲಿ ಅಧಿಕಾರಿಯು ಪಾಸ್‌ಪೋರ್ಟುಗಳನ್ನು ನೋಡಿ ಒಳಗೆ ಬಿಟ್ಟನು. ಅಲ್ಲಿಂದ ಕೋಸಿಗೆ ಹೋದಾಗ ಗಡಿಯ ಅಧಿಕಾರಿಗಳು ಯಾರೂ ತಡೆಯಲಿಲ್ಲ. ಇದರ ಕಾರಣವನ್ನು ಅರಿಯುವುದು ಅವಶ್ಯ. 1985ರ ಜೂನ್ 14ರಂದು ಐದು ರಾಷ್ಟ್ರಗಳು ತಮ್ಮೊಳಗಿನ ಗಡಿಗಳ ತಪಾಸಣೆಯನ್ನು ಬಿಡುವುದೆಂದು ಒಪ್ಪಂದ ಮಾಡಿಕೊಂಡವು. ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ಹಡಗೊಂದರ ಮೇಲೆ ಅದಕ್ಕೆ ರುಜುವಾಯಿತು. ಮುಂದೆ ಗ್ರೀಸೂ ಆ ಕೂಟವನ್ನು ಸೇರಿತು. ಒಮ್ಮೆ ಒಳಗೆ ಬಂದವನಿಗೆ ಒಳಮನೆಯ ಕೋಣೆಗಳಲ್ಲಿ ಮತ್ತೆ ಕದ ತಟ್ಟುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಒಳಗೆ ಯಾರೂ ಕೇಳಲಿಲ್ಲವೆಂದ ಮಾತ್ರಕ್ಕೆ ಹೊರಗೋಡೆಯೇ ಇಲ್ಲವೆಂದು ಭಾವಿಸಬಾರದು. ಕೋಸ್ ಆ ಹೊರಗೋಡೆಯ ಕಲ್ಲು. ಬೋಡ್ರುಮ್ ಅದರ ಆಚೆಯದು.

ಸೋಮವಾರ ಸಾಯಂಕಾಲ ಹಿರಿಯರು ದೋಣಿಯನ್ನು ಹತ್ತಿದರು. ಬಾಡಿಗೆಯ ದೋಣಿಯಲ್ಲಿ ಇರತಕ್ಕವರೆಲ್ಲರ ಹೆಸರು, ಜನ್ಮದಿನ, ಪಾಸ್‌ಪೋರ್ಟಿನ ಸಂಖ್ಯೆಗಳು ಒಂದು ಪಟ್ಟಿಯಲ್ಲಿರಬೇಕು. ನಡುವೆ ಬಂದು ಸೇರಿದವರ ಹೆಸರನ್ನು ದೋಣಿ ಬಿಡುವ ಮೊದಲೇ ಸೇರಿಸಬೇಕು; ನಡುವೆ ಇಳಿದವರ ಹೆಸರನ್ನು ತೆಗೆಯಬೇಕು. ಮಗಳು ಮುಂಚಿತವಾಗಿ ತಂದೆತಾಯಿಗಳ ಪಾಸ್‌ಪೋರ್ಟಿನ ಮೊದಲ ಪುಟದ ಚಿತ್ರವನ್ನು ತರಿಸಿಕೊಂಡಿದ್ದಳು; ವೀಸಾ ಅಂಟಿಸಿದ ಪುಟವನ್ನು ಯಾರೂ ಕೇಳಿರಲಿಲ್ಲ, ಇವರೂ ಕಳುಹಿಸಿರಲಿಲ್ಲ. ನಾವಿಕನು ಮೂಲಪ್ರತಿಗಳನ್ನು ತಿರುವಿ, ವೀಸಾದ ಮೇಲೆ ಪ್ರವೇಶಗಳ ಸಂಖ್ಯೆಯ ಮುಂದಿದ್ದ ಅಂಕೆಯ ಮೇಲೆ ಬೆರಳಿಟ್ಟನು. ಅಲ್ಲಿ ಇದ್ದುದು ಒಂದು ಮಾತ್ರ. ಮಗಳ ಊರಿಗೆ ಹೋಗಿ ಬರುವುದಕ್ಕೆ ಒಂದೇ ಪ್ರವೇಶ ಸಾಕೆಂದು ಇವರು ಕೇಳಿದ್ದೂ ಒಂದು, ದೊರೆತದ್ದೂ ಒಂದು. ತುರ್ಕಿಗೆ ಬೇರೆ ವೀಸಾ ಬೇಕೆಂಬುದು ಗೊತ್ತಿತ್ತು. ಅದನ್ನು ಪಡೆದೂ ಇದ್ದರು. ಆದರೆ ಕೋಸಿನಿಂದ ಹೊರಬಿದ್ದ ಕ್ಷಣವೇ ಒಂದು ಪ್ರವೇಶದ ವೀಸಾ ಮುಗಿದುಹೋಗುತ್ತದೆ. ಬೋಡ್ರುಮಿಗೆ ಹೋಗಬಹುದು; ಮರಳಿ ಬರಲಾಗದು. ಮಗಳಿಗೂ ಅಳಿಯನಿಗೂ ಜರ್ಮನಿಯ ವಾಸದ ಪರವಾನಗಿ ಇದ್ದುದರಿಂದ ಅವರಿಗೆ ಈ ತಡೆ ಇರಲಿಲ್ಲ.

“ಒಂದು ಹಗಲಿನ ಮಾತಲ್ಲವೇ, ಅಪ್ಪಯ್ಯ? ಬೆಳಗ್ಗೆ ಹೋಗಿ ಸಂಜೆಗೆ ಬರುವವರನ್ನು ಯಾರು ನೋಡುತ್ತಾರೆ?” ಎಂದಳು ಮಗಳು. ತಂದೆಗೆ ಎಪ್ಪತ್ತೆರಡು ವಯಸ್ಸು. ಆ ವಯಸ್ಸಿನವರಿಗೆ ಮುಂದಿನ ಸಲವೆಂಬ ಮಾತು ಹೇಳಲು ಸುಲಭ, ನಂಬಲು ಕಷ್ಟ. ಅವಳ ಒತ್ತಾಯದಲ್ಲಿದ್ದುದು ಉದ್ಧಟತನವಲ್ಲ, ಆ ಭಯ.

ನಾವಿಕನು ಸಿಟ್ಟಾಗಲಿಲ್ಲ. ಪರರಾಷ್ಟ್ರದಿಂದ ಬಂದ ದೋಣಿಯ ಕ್ರಮವನ್ನು ಅವನು ವಿವರಿಸಿದನು. ಅಂತಹ ದೋಣಿ ಗೊತ್ತಾದ ಬಂದರಿಗೇ ಬರಬೇಕು. ಹಳದಿಯ ಬಾವುಟವನ್ನು ಏರಿಸಬೇಕು; ದೋಣಿಯಲ್ಲಿ ರೋಗವಿಲ್ಲ, ಒಳಗೆ ಬರಲು ಅಪ್ಪಣೆಯಾಗಬೇಕೆಂಬುದು ಅದರ ಅರ್ಥ. ಅಪ್ಪಣೆಯಾಗುವವರೆಗೆ ನಾವಿಕನೊಬ್ಬನೇ ಕಾಗದಗಳನ್ನು ಹಿಡಿದು ದಡಕ್ಕೆ ಹೋಗತಕ್ಕದ್ದು. ಉಳಿದವರು ದೋಣಿಯಲ್ಲಿಯೇ ಇರತಕ್ಕದ್ದು. ಪಟ್ಟಿಗೂ ಮನುಷ್ಯರಿಗೂ ಪಾಸ್‌ಪೋರ್ಟುಗಳಿಗೂ ತಾಳೆಯಾಗದಿದ್ದರೆ ಉತ್ತರ ಹೇಳಬೇಕಾದವನು ಅವನೇ. ಬಳಿಕ ಅವನು ಕತ್ತಲಾಗುತ್ತಿದ್ದ ನೀರಿನ ಕಡೆಗೆ ಕೈತೋರಿಸಿ, 2015ರ ಸೆಪ್ಟೆಂಬರಿನಲ್ಲಿ ಬೋಡ್ರುಮಿನಿಂದ ಕೋಸಿಗೆ ಹೊರಟ ಸಣ್ಣ ದೋಣಿ ಮಗುಚಿ, ಸಿರಿಯಾದ ಎರಡು ವರ್ಷದ ಮಗುವೊಂದು ಸತ್ತು ದಡಕ್ಕೆ ಬಂದ ಸಂಗತಿಯನ್ನು ಹೇಳಿದನು. ಆ ಚಿತ್ರವನ್ನು ಲೋಕವೆಲ್ಲ ನೋಡಿದೆ. ಈ ಕೆಲವು ಮೈಲಿಗಳ ನೀರು ವಿಹಾರಕ್ಕೆ ಬಂದವರಿಗೆ ಒಂದು ಹಗಲಿನ ದಾರಿ. ಕಾಗದವಿಲ್ಲದವರಿಗೆ ಪ್ರಾಣದ ಪಣ. ಆದುದರಿಂದಲೇ ಇಲ್ಲಿ ಎರಡು ದಡಗಳ ಕಾವಲೂ ಬಿಗಿಯಾಗಿದೆ.

ಅಳಿಯನು ಸುಮ್ಮನಾದನು. ಮೇಷ್ಟರು ಬಹಳ ಹೊತ್ತು ಆಚೆಯ ದಡದ ದೀಪಗಳನ್ನು ನೋಡಿ, “ನಾವು ಇವನ ದೋಣಿಯಲ್ಲಿ ಕುಳಿತವರು. ನಮ್ಮ ಆಸೆಗಾಗಿ ಇವನ ಅನ್ನಕ್ಕೆ ಸಂಚಕಾರ ತರುವುದು ಅತಿಥಿಯ ಲಕ್ಷಣವಲ್ಲ. ನೀವಿಬ್ಬರೂ ಬೇಕಾದರೆ ನಾಳೆ ಹೋಗಿ ಬನ್ನಿ; ನಾವು ಕೋಸಿನಲ್ಲಿ ಇರುತ್ತೇವೆ” ಎಂದರು. ಅದಕ್ಕೆ ಮಗಳು ಒಪ್ಪಲಿಲ್ಲ. ಮಾರನೆಯ ದಿನ ದೋಣಿ ಗ್ರೀಸಿನ ದ್ವೀಪಗಳೊಳಗೇ ತಿರುಗಿತು. ಕಾಲಿಮ್ನೋಸಿನಲ್ಲಿ ಸಮುದ್ರದ ಸ್ಪಂಜುಗಳನ್ನು ಕಂಡರು. ನಿಸಿರೋಸಿನ ಅಗ್ನಿಪರ್ವತದ ಬಾಯಿಯಲ್ಲಿ ಹೊಗೆಯಾಡುವ ಗಂಧಕವನ್ನು ಕಂಡರು. ತೆಂಗಿನಕಾಯಿ ಒಡೆದು ದೋಣಿಯ ಒಲೆಯ ಮೇಲೆ ಚಟ್ನಿ ಸಾರುಗಳಾದವು. ನಾವಿಕನೂ ಅವರ ಪಂಕ್ತಿಯಲ್ಲಿ ಕುಳಿತು ಉಂಡನು.

ಹಿರಿಯರನ್ನು ಇಂತಹ ಯಾತ್ರೆಗೆ ಕರೆಸಿಕೊಳ್ಳುವ ಮಕ್ಕಳು ಈಗ ಅನೇಕ ಊರುಗಳಲ್ಲಿದ್ದಾರೆ. ಅವರು ಟಿಕೆಟ್ಟಿಗಿಂತ ಮೊದಲು ದೋಣಿಯ ಮಾರ್ಗವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಮಾರ್ಗವು ಒಂದು ಗಡಿಯನ್ನು ದಾಟಿ ಮರಳುವುದಾದರೆ ಅನೇಕ ಪ್ರವೇಶಗಳ ವೀಸಾವನ್ನೇ ಕೇಳಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಪಟ್ಟಿಯಲ್ಲಿರಬೇಕು. ಮೊದಲ ಪುಟದೊಡನೆ ವೀಸಾದ ಪುಟವೂ ನಾವಿಕನಿಗೆ ಮೊದಲೇ ತಲುಪಬೇಕು. ವಿಮಾನದಲ್ಲಿ ಒಂದು ದೇಶಕ್ಕೆ ಹೋಗಿ ದೋಣಿಯಲ್ಲಿ ಇನ್ನೊಂದು ದೇಶಕ್ಕೆ ಹೊರಡುವವರ ಬಳಿ ಮರಳುವ ಟಿಕೆಟ್ಟು ಇರುವುದಿಲ್ಲ. ವಿಮಾನದವರು ಹೊರಡುವ ಊರಿನಲ್ಲಿಯೇ ಅದನ್ನು ಕೇಳಿ ತಡೆಯಬಹುದು. ಅಂತಹವರು ದೋಣಿಯ ಹೆಸರು, ನೋಂದಣಿಯ ಸಂಖ್ಯೆ, ಹೊರಡುವ ದಿನ ಇವುಗಳನ್ನು ಬರೆದು ನಾವಿಕನು ರುಜು ಮಾಡಿದ ಪತ್ರವನ್ನೂ ಬಾಡಿಗೆಯ ಕರಾರಿನ ಪ್ರತಿಯನ್ನೂ ಕೈಯಲ್ಲಿ ಇಟ್ಟುಕೊಂಡಿರಬೇಕು. ಆ ಪತ್ರವೊಂದೇ ಎಲ್ಲ ಕಡೆಯೂ ಸಾಲುವುದೆಂದು ನಂಬದೆ, ವಿಮಾನದವರನ್ನೂ ಹೋಗತಕ್ಕ ದೇಶದ ಕಚೇರಿಯನ್ನೂ ಮುಂಚಿತವಾಗಿ ವಿಚಾರಿಸಬೇಕು.

ದೆಲ್ಲಾ ವಾಲ್ಲೆಯ ಕಾಲಕ್ಕೂ ಈ ಕಾಲಕ್ಕೂ ಇರುವ ಭೇದವು ಇಷ್ಟರಲ್ಲಿ ಅಡಗಿದೆ. ದೋಣಿಯ ಮೇಲೆ ಅತಿಥಿಯು ನಾವಿಕನ ಹೊಣೆಯಲ್ಲಿದ್ದಾನೆ. ಗಡಿಯಲ್ಲಿ ಅವನು ತನ್ನ ಹೆಸರಿನ ಮೇಲೆಯೇ ನಿಲ್ಲಬೇಕು. ಮಗಳ ಪ್ರೀತಿಯಾಗಲಿ ಅಳಿಯನ ಹಣವಾಗಲಿ ಆ ಒಂದು ಅಂಕೆಯನ್ನು ಎರಡು ಮಾಡಲಾರದು. ಈ ಹೊಣೆ ಎರಡು ಕಡೆಯದೆಂದು ತಿಳಿದ ಅತಿಥಿಯೇ ಕರೆದವರಿಗೆ ಹಗುರ.

ಮೇಷ್ಟರು ಊರಿಗೆ ಮರಳಿದ ಮೇಲೆ ಹಳೆಯ ಶಿಷ್ಯರು, ಹೆರೊಡೋಟಸನ ಊರನ್ನು ನೋಡಿದಿರಾ ಎಂದು ಕೇಳುವುದುಂಟು. ರಾತ್ರಿ ಅದರ ದೀಪಗಳನ್ನು ನೋಡಿದೆನೆಂದು ಅವರು ನಗುತ್ತಾರೆ. ಅವರ ಪತ್ನಿ ಮಾತ್ರ ಒಳಗಿನಿಂದ, ಮುಂದಿನ ಸಲಕ್ಕೆ ಅರ್ಜಿ ತುಂಬುವಾಗ ತಮ್ಮನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಹೇಳದೆ ಬಿಡುವುದಿಲ್ಲ.